ಮಾಸ್ತರ ಬೈದ ಸ್ವರ

ಜ್ಞಾನದೇವ ತನ್ನ ಜನ್ಮದಲ್ಲಿ ಯಾರನ್ನೂ ಅನ್ಯಾಯವಾಗಿ ಬೈದವನಲ್ಲ. ಇದು ಅವನೇ ತನ್ನ ಬಗ್ಗೆ ಹೇಳಿಕೊಳ್ಳುತ್ತಿದ್ದ ಮಾತು. ಜನ ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವ ಮಾತುಗಳಲ್ಲಿ ಅಪರೂಪಕ್ಕೊಂದು ನಿಜವಿರುತ್ತದಲ್ಲ, ಅಂಥದ್ದು. ಅವನ ಬಾಯಿಗೆ ಸಿಕ್ಕು ಪಿಟೀಲು ಬಿಟ್ಟು ವಿಮಾ ಏಜೆಂಟರಾದವರಿದ್ದರು. ಮುಂಬಯಿಯನ್ನೇ ಬಿಟ್ಟು ಪುಣೆಯಲ್ಲಿ ತಲೆಮರೆಸಿಕೊಂಡವರಿದ್ದರು. ಆದರೆ ಅವರಲ್ಲಿ ಒಬ್ಬರೂ ‘ನಾನು ಸರಿಯಾಗಿಯೇ ನುಡಿಸಿದ್ದೆ’ ಎಂದು ದೇವರ ಮುಂದೆ ಕರ್ಪೂರ ಹಚ್ಚಿ ಹೇಳಲಾರರು. ತಪ್ಪು ಸ್ವರ ಕಿವಿಗೆ ಬಿದ್ದರೆ ಮಾತ್ರ ಅವನ ಬಾಯಿ ತೆರೆಯುತ್ತಿತ್ತು. ಸರಿ ಸ್ವರವನ್ನು ಅವನು ಎಂದೂ ಬೈದಿರಲಿಲ್ಲ. ಹೊಗಳಿಯೂ ಇರಲಿಲ್ಲ, ಆ ಮಾತು ಬೇರೆ. ನೆಟ್ಟಗೆ ನಡೆಯುವವನಿಗೆ ಯಾರಾದರೂ ಹಾರ ಹಾಕುತ್ತಾರೆಯೇ ಎನ್ನುವುದು ಅವನ ವಾದ.

ಹುಟ್ಟಿದ್ದು ಕುಡಚಿಯಲ್ಲಿ, ಸ್ಟೇಶನ್ನಿನ ಹಿಂದಿನ ಓಣಿಯಲ್ಲಿ. ಅಪ್ಪ ಗಂಗಾರಾಮ ಮದುವೆಯ ಬ್ಯಾಂಡ್ ಪಾರ್ಟಿಯಲ್ಲಿ ದೊಡ್ಡ ಡೋಲು ಬಾರಿಸುತ್ತಿದ್ದ. ಆ ಪಾರ್ಟಿಯ ಒಡೆಯನ ಮಗ ಫಕ್ರುದ್ದೀನ. ಇಬ್ಬರೂ ಓರಗೆಯವರು, ಕೃಷ್ಣೆಯಲ್ಲಿ ಈಜು ಕಲಿತದ್ದು ಒಟ್ಟಿಗೆ, ಮೆರವಣಿಗೆಯಲ್ಲಿ ಗ್ಯಾಸಬತ್ತಿ ಹೊತ್ತದ್ದು ಒಟ್ಟಿಗೆ. ಫಕ್ರುದ್ದೀನನ ಕೈಗೆ ಅವನಪ್ಪ ಕ್ಲಾರ್ನೆಟ್ ಕೊಟ್ಟ. ಜ್ಞಾನದೇವನ ಕೈಗೆ ಡೋಲಿನ ಬಡಿಗೆ ಬರಬೇಕಿತ್ತು, ಬರಲಿಲ್ಲ. ಒಂದು ಮದುವೆಯಲ್ಲಿ ಅವನು ಅಪ್ಪನ ಅಂಗಿ ಜಗ್ಗಿ, ಹಿಂದಿನ ಸಾಲಿನ ತುತ್ತೂರಿ ಶ್ರುತಿ ಬಿಟ್ಟಿದೆ ಎಂದು ಅಳುತ್ತ ಹೇಳಿದ್ದನ್ನು ಬೆಳಗಾವಿಯ ಪಲ್ಟನ್ನಿನ ಬ್ಯಾಂಡಿನಿಂದ ನಿವೃತ್ತನಾದ ಗೋವೆಯ ಮುದುಕನೊಬ್ಬ ಕೇಳಿಸಿಕೊಂಡ. ಹುಡುಗನನ್ನು ತನ್ನ ಮನೆಗೆ ಕರೆದುಕೊಂಡು ಹೋದ. ಆ ಮನೆಯಲ್ಲಿ ಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲು, ಒಂದು ಚೆಲ್ಲೊ ಇತ್ತು. ಹುಡುಗ ಅದನ್ನು ಕಲಿತ. ಮುಂದೆ ಮುದುಕ ಸತ್ತು ಆ ಚೆಲ್ಲೊ ರೈಲಿನಲ್ಲಿ ಕುಡಚಿಗೆ ಬಂದಿಳಿದಾಗ ಜ್ಞಾನದೇವನ ತಂಗಿ ತಾರವ್ವ ಅದರ ಸುತ್ತ ಒಮ್ಮೆ ತಿರುಗಿ ನೋಡಿ, “ಯವ್ವಾ, ಪಿಟೀಲಿಗೆ ಆನಿಕಾಲ ಬ್ಯಾನಿ ಬಡದೈತಿ” ಎಂದಿದ್ದಳು.

ಅದನ್ನು ಹೊತ್ತು ಮುಂಬಯಿಗೆ ಹೋದವನಿಗೆ ಅಲ್ಲಿನ ಸ್ಟುಡಿಯೋಗಳಲ್ಲಿ ಕೂಡಲೇ ಕೆಲಸ ಸಿಕ್ಕಿತು. ಆಗಿನ ಹಿಂದಿ ಸಿನೆಮಾಗಳಲ್ಲಿ ತಾಯಂದಿರು ಬಹಳ ಸಾಯುತ್ತಿದ್ದರು, ತಾಯಿ ಸಾಯಬೇಕೆಂದರೆ ಹಿಂದೆ ಚೆಲ್ಲೊ ಬೇಕೇ ಬೇಕು. ಹತ್ತು ಹನ್ನೆರಡು ವರ್ಷ ಜ್ಞಾನದೇವ ತಾಯಂದಿರನ್ನು ಸಾಯಿಸಿದ. ಆಮೇಲೆ ಕೀಬೋರ್ಡು ಬಂದು, ಒಂದೇ ಬೆರಳಿನಲ್ಲಿ ತಾಯಿಯನ್ನು ಸಾಯಿಸುವುದು ಸಾಧ್ಯವಾಯಿತು. ಅವನು ಜರ್ಮನಿಗೆ ಹೋಗಿ ಕಲಿತು ಬಂದ. ಮುಂಬಯಿಯ ಒಂದು ಪಾಶ್ಚಾತ್ಯ ಶಾಸ್ತ್ರೀಯ ವಾದ್ಯವೃಂದದಲ್ಲಿ ಚೆಲ್ಲೊಗಳ ಮುಂದಾಳಾದ. ಕೆಲವು ವರ್ಷಗಳಲ್ಲಿ ಚೆಲ್ಲೊ ಕೆಳಗಿಟ್ಟು ಎದ್ದು ನಿಂತು, ಕೋಲು ಹಿಡಿದು, ಇಡೀ ವೃಂದದ ನಿರ್ದೇಶಕನಾದ. ಕುಳಿತಿದ್ದಾಗ ಒಂದು ಸಾಲಿಗಷ್ಟೇ ಕೇಳುತ್ತಿದ್ದ ಅವನ ನಾಲಿಗೆ ಈಗ ಎಲ್ಲ ಸಾಲುಗಳಿಗೂ ಕೇಳತೊಡಗಿತು. ಹೆಂಡತಿ ಅಷ್ಟು ಹೊತ್ತಿಗೆ ತವರಿಗೆ ಹೋಗಿಯಾಗಿತ್ತು. ಅಡುಗೆಮನೆಯಲ್ಲಿ ಬಿದ್ದ ತಾಟಿನ ಶ್ರುತಿಯನ್ನೂ ತಿದ್ದುವ ಗಂಡಸಿನ ಜೊತೆ ಯಾವ ಹೆಣ್ಣುಮಗಳು ಎಷ್ಟು ದಿನ ಬಾಳಿಯಾಳು.

ಕೊನೆಗೆ ಒಂದು ಮುಂಜಾನೆ ತಾಲೀಮಿನಲ್ಲಿ ಅವನು ಕೋಲೆತ್ತಿದ, ಇಳಿಸಿದ. ಯಾರೂ ನುಡಿಸಲಿಲ್ಲ. ಇಡೀ ವೃಂದ ಕಮಾನುಗಳನ್ನು ತೊಡೆಯ ಮೇಲಿಟ್ಟುಕೊಂಡು ಅವನ ಮುಖ ನೋಡುತ್ತ ಕುಳಿತಿತ್ತು. ಮತ್ತೊಮ್ಮೆ ಎತ್ತಿದ. ಆ ಮೌನದಲ್ಲಿ ತಪ್ಪು ಹುಡುಕಲು ಅವನಿಗೇನೂ ಸಿಗಲಿಲ್ಲ. ಅಷ್ಟು ಒಗ್ಗಟ್ಟಿನಿಂದ ಅವರು ಹಿಂದೆಂದೂ ಏನನ್ನೂ ಮಾಡಿರಲಿಲ್ಲ.

ಅವನು ಕುಡಚಿಗೆ ಬಂದು ತಂಗಿಯ ಮನೆಯ ಪಡಸಾಲೆಯಲ್ಲಿ ಉಳಿದ. ತಾರವ್ವ ಗಂಡ ಸತ್ತ ಮೇಲೆ ಎಮ್ಮೆ ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿ, ಯಾರ ಹಂಗಿಲ್ಲದೆ ಬದುಕಿದವಳು. ಅಣ್ಣನಿಗೆ ಅನ್ನ ಹಾಕುವುದಕ್ಕೆ ಅವಳ ತಕರಾರಿರಲಿಲ್ಲ. ಆದರೆ ಅವನು ಗಾಳಿಯಲ್ಲಿ ಕೈಯಾಡಿಸುತ್ತ ಕೂತದ್ದನ್ನು ಕಂಡಾಗಲೆಲ್ಲ ಒಂದು ಮಾತು ಬಿಡುತ್ತಿರಲಿಲ್ಲ. “ಕೋಲ ಆಡಸಾಕ ಮುಂಬೈತನಾ ಯಾಕ ಹೋಗಬೇಕಿತ್ತೋ ಅಣ್ಣಾ? ಇಲ್ಲೇ ಎಮ್ಮಿ ಇದ್ದುವಲ್ಲ. ಅವು ಮಾತೂ ಕೇಳತಿದ್ದುವು.”

ಅವನಿಗೆ ಬೇಕಾಗಿದ್ದದ್ದು ಒಂದೇ. ಸಾಯುವ ಮುನ್ನ ಮತ್ತೆ ಒಂದಷ್ಟು ವಾದ್ಯಗಳ ಮುಂದೆ ನಿಲ್ಲಬೇಕು, ಕೋಲೆತ್ತಿದರೆ ಅವು ನುಡಿಯಬೇಕು. ಎಂಥ ವಾದ್ಯ, ಎಂಥ ಊರು ಎನ್ನುವ ಹಟ ಉಳಿದಿರಲಿಲ್ಲ. ಇಂಥ ಸಮಯಕ್ಕೇ ರೂಪೇಶ ಬಂದ.

ರೂಪೇಶ ಹೈಸ್ಕೂಲಿನಲ್ಲಿ ಮರಾಠಿ ಮಾಸ್ತರ. ಆದರೆ ಅವನನ್ನು ಶಾಲೆಯಲ್ಲಿ ಕಂಡವರಿಗಿಂತ ಮೈಕಿನ ಮುಂದೆ ಕಂಡವರು ಹೆಚ್ಚು. ಸಕ್ಕರೆ ಕಾರ್ಖಾನೆಯ ಚೇರಮನ್ ಶ್ರೀಪಾಲಣ್ಣನ ಸಭೆ ಸಮಾರಂಭ ಎಲ್ಲಿದ್ದರೂ ನಿರೂಪಣೆ ಅವನದೇ. ಒಂದು ವಾಕ್ಯ ಕನ್ನಡ, ಒಂದು ಮರಾಠಿ, ನಡುವೆ ಒಂದು ಶಾಯರಿ.

“ಸರ್, ಅಣ್ಣಾರದು ಏಕಸಷ್ಟಿ ಐತ್ರಿ. ಅರವತ್ತೊಂದ ತುಂಬಾಕತ್ತಾವ. ಅಥಣ್ಯಾಗ ದೊಡ್ಡ ಪೆಂಡಾಲ. ಡಿಜೆ ಎಲ್ಲಾರೂ ತರಸ್ತಾರ, ಅಣ್ಣಾರಿಗೆ ಸಿಂಫನಿ ಬೇಕಂತ್ರಿ.”

“ಸಿಂಫನಿ ಅಂದ್ರೇನು, ಗೊತ್ತೈತೇನು ಅವರಿಗೆ?”

“ಇಲ್ರಿ. ಅದಕ್ಕ ಬೇಕಂತಾರ.”

ಆಮೇಲೆ ರೂಪೇಶ ಕುರ್ಚಿ ಸ್ವಲ್ಪ ಮುಂದೆ ಜಗ್ಗಿದ. ಚಿಕ್ಕೋಡಿಯಲ್ಲಿ ಅಣ್ಣಾರ ಶಿಕ್ಷಣ ಸಂಸ್ಥೆಯವರು ಸಂಗೀತ ಮಹಾವಿದ್ಯಾಲಯದ ಕಟ್ಟಡ ಕಟ್ಟಿಸುತ್ತಿದ್ದಾರೆ, ನಿರ್ದೇಶಕರಿಲ್ಲ. ಏಕಸಷ್ಟಿ ಚಂದಾದರೆ ಆ ಕುರ್ಚಿ ಇವರದು. ಖಾಯಂ ವಾದ್ಯವೃಂದ, ದಿನಾ ತಾಲೀಮು.

“ಒಂದ ಮಾತು, ಸಿಟ್ಟ ಆಗಬ್ಯಾಡ್ರಿ ಸರ್. ಮುಂಬೈ ಕತಿ ನಮಗ ಗೊತ್ತೈತಿ. ಅಣ್ಣಾರ ಮುಂದ, ಸ್ಟೇಜ್ ಮ್ಯಾಲ, ನಿಮ್ಮ ಬಾಯಾಗಿಂದ ಒಂದ ಶಬ್ದ ಬರಬಾರ್ದು.”

“ಬರೂದಿಲ್ಲ,” ಎಂದ ಜ್ಞಾನದೇವ.

ಒಳಗೆ ಹಿಂಡಿ ನೆನೆಹಾಕುತ್ತಿದ್ದ ತಾರವ್ವ ಕೆಮ್ಮಿದಳು.

ಇನ್ನೊಂದು ತೊಡಕು ಬೆನ್ನಿನದು. ವೃಂದದ ನಿರ್ದೇಶಕ ಜನರಿಗೆ ಬೆನ್ನು ಹಾಕಿ ನಿಲ್ಲುತ್ತಾನೆ ಎಂದು ಕೇಳಿ ರೂಪೇಶ ಹೌಹಾರಿದ. ಅಣ್ಣಾರಿಗೆ ಬೆನ್ನು ತೋರಿಸಿ ನಿಲ್ಲುವ ಮನುಷ್ಯ ಕಾಗವಾಡದಿಂದ ನಿಪ್ಪಾಣಿಯತನಕ ಇನ್ನೂ ಹುಟ್ಟಿರಲಿಲ್ಲ. ಹಾಗಾದರೆ ಅಣ್ಣಾರು ಕೆಳಗೆ ಪಕ್ಕದಲ್ಲಿ ಕೂಡಲಿ ಎಂದ ಜ್ಞಾನದೇವ. “ಕೆಳಗ? ಅಣ್ಣಾ ಸ್ಟೇಜ್ ಬಿಟ್ಟ ಕೆಳಗ ಕುಂತ್ರ ಮಂದಿ ಖುರ್ಚಿ ಹೋತಂತ ತಿಳೀತಾರ್ರಿ!” ಕೊನೆಗೆ ಆ ಸೀಮೆಯ ಪದ್ಧತಿಯೇ ಗೆದ್ದಿತು. ಗಣ್ಯರ ಸೋಫಾಗಳು ಎಂದಿನಂತೆ ವೇದಿಕೆಯ ಮೇಲೆಯೇ, ವಾದ್ಯದವರ ಹಿಂದೆ, ಎತ್ತರದಲ್ಲಿ. ಜ್ಞಾನದೇವ ಬೆನ್ನು ಹಾಕುವುದು ಬರೀ ಜನರಿಗೆ. ಅವರಿಗೆ ಅದು ರೂಢಿಯಿದೆ.

ವೃಂದವೆಂದರೆ ಮುಖ್ಯವಾಗಿ ಫಕ್ರುದ್ದೀನನ ಬ್ಯಾಂಡ್ ಪಾರ್ಟಿ. ಅದಕ್ಕೆ ಕಾಗವಾಡ, ಅಥಣಿ ಕಡೆಯ ಭಜನಾ ಮೇಳಗಳ ಕೆಲವು ಪಿಟೀಲು. ಚೆಲ್ಲೊ ಒಂದೇ, ಜ್ಞಾನದೇವನದು. ಅದನ್ನು ಅವನು ಒಬ್ಬ ಪಿಟೀಲಿನವನಿಗೆ ಕಲಿಸಿದ. ತಾಲೀಮು ನಿಪ್ಪಾಣಿಯ ಹಳೆಯ ತಂಬಾಕಿನ ವಖಾರಿಯಲ್ಲಿ. ತಂಬಾಕು ಹೋಗಿ ಎಷ್ಟೋ ವರ್ಷವಾಗಿದ್ದರೂ ಗೋಡೆಗಳಿಂದ ಘಾಟು ಹೋಗಿರಲಿಲ್ಲ. ಮೊದಲ ವಾರ ಎಲ್ಲರೂ ಸೀನುತ್ತಿದ್ದರು, ಜ್ಞಾನದೇವ ಸೀನನ್ನೂ ತಾಳಕ್ಕೆ ಸೇರಿಸಲು ನೋಡಿದ.

ಅವನು ಆರಿಸಿದ್ದು ಜರ್ಮನಿಯ ಹಳೆಯ ಸ್ವರಕಾರನೊಬ್ಬನ ಒಂದು ನಿಧಾನದ ಕೃತಿ. ಅದರ ನಡುವೆ ಎಲ್ಲ ವಾದ್ಯಗಳೂ ಸುಮ್ಮನಾಗಿ ಕ್ಲಾರ್ನೆಟ್ ಒಂದೇ ಏರುತ್ತ ಹೋಗಿ, ತುತ್ತತುದಿಯ ಒಂದು ಸ್ವರವನ್ನು ಮುಟ್ಟಿ, ಅಲ್ಲೇ ನಿಲ್ಲುತ್ತದೆ. ಆ ಒಂದು ಸ್ವರದಲ್ಲಿ ಫಕ್ರುದ್ದೀನ ಕೆಲವು ಸಲ ನಿಲ್ಲುತ್ತಿದ್ದ, ಕೆಲವು ಸಲ ಅವನ ಕ್ಲಾರ್ನೆಟ್ ಬಾಗಿಲಲ್ಲಿ ಬಾಲ ಸಿಕ್ಕ ಬೆಕ್ಕಿನಂತೆ ಚೀರುತ್ತಿತ್ತು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅವನು ಜ್ಞಾನದೇವನನ್ನು ಗೋಡೆಯ ಕಡೆಗೆ ಕರೆದ.

“ಲೇ ಜ್ಞಾನ್ಯಾ, ಆ ಸ್ವರಾ ಒಂದಿಷ್ಟ ಕೆಳಗ ಇಳಸಲೇ. ಮ್ಯಾಲಿನ ಸೆಟ್ ಜಾರತೈತಿ.”

“ಏನ ಸೆಟ್?”

ಫಕ್ರುದ್ದೀನ ಆಚೀಚೆ ನೋಡಿ ಹೆಬ್ಬೆರಳಿನಿಂದ ಮೇಲಿನ ಹಲ್ಲನ್ನು ಒತ್ತಿ ತೋರಿಸಿದ. ಇಡೀ ಸಾಲು ಅಲುಗಿತು. “ಯಾರಿಗೂ ಹೇಳಬ್ಯಾಡ ಮತ್ತ. ನನ್ನ ಹೇಣ್ತಿ ಬಿಟ್ರ ನಿನಗಷ್ಟ ಗೊತ್ತು. ಮನ್ಯಾಗ ಸೊಸಿಗೂ ಗೊತ್ತಿಲ್ಲ. ಹಲ್ಲಿಲ್ಲದ ಕ್ಲಾರ್ನೆಟ್‌ದವನ್ನ ಯಾರ ಮದಿವಿಗೆ ಕರೀತಾರ? ಮೊದಲ ಡಿಜೆ ನಮ್ಮನ್ನ ತಿಂದೈತಿ.”

“ಬರದಾವ ಅಲ್ಲೇ ಬರದಾನ. ಅಲ್ಲೇ ಊದಬೇಕು.”

“ಬರದಾವಗ ಹಲ್ಲ ಇದ್ದುವೇನು?”

“ಅಂವ ಸತ್ತ ಇನ್ನೂರ ವರ್ಷ ಆತು.”

“ಮತ್ತ ಯಾರಿಗೆ ಅಂಜತೀಲೇ?” ಎಂದು ಫಕ್ರುದ್ದೀನ ನಕ್ಕ. ಜ್ಞಾನದೇವ ನಗಲಿಲ್ಲ. ಸ್ವರ ಇಳಿಸಲೂ ಇಲ್ಲ.

ಏಕಸಷ್ಟಿಯ ದಿನ ಅಥಣಿಯ ಪೆಂಡಾಲಿನಲ್ಲಿ ಹಿಡಿಸಲಾರದಷ್ಟು ಮಂದಿ. ಬ್ಯಾಂಡಿನವರು ಜರಿಯ ಪಟ್ಟಿಯ ಕೆಂಪು ಕೋಟು ತೊಟ್ಟಿದ್ದರು. ಹಿಂದಿನ ಸೋಫಾಗಳಲ್ಲಿ ಶ್ರೀಪಾಲಣ್ಣ, ಅವನ ಎಡಬಲಕ್ಕೆ ಸೊಸೈಟಿ, ಸಂಘ, ಬ್ಯಾಂಕುಗಳ ಅಧ್ಯಕ್ಷರು. ಕಾರ್ಯಕ್ರಮ ಮುಗಿದ ಮೇಲೆ ಎರಡು ಮಾತು ಆಡಿಸಬೇಕೆಂದು ರೂಪೇಶ ಜ್ಞಾನದೇವನ ಕೊರಳಪಟ್ಟಿಗೆ ಒಂದು ಸಣ್ಣ ಮೈಕು ಸಿಕ್ಕಿಸಿದ್ದ. ಜ್ಞಾನದೇವ ಕೋಲೆತ್ತಿದ. ವಾದ್ಯಗಳು ನುಡಿದವು. ಕೋಲಿಗೆ ವಾದ್ಯ ಓಗೊಡುವ ಆ ಕ್ಷಣದಲ್ಲಿ ಅವನಿಗೆ ಚಿಕ್ಕೋಡಿಯ ಕುರ್ಚಿಯ ನೆನಪೇ ಇರಲಿಲ್ಲ ಎನ್ನುವುದನ್ನು ಅವನ ಪರವಾಗಿ ಹೇಳಲೇಬೇಕು.

ಸ್ವಲ್ಪ ಹೊತ್ತಿಗೆ ಶ್ರೀಪಾಲಣ್ಣನ ಫೋನು ರಿಂಗಾಯಿತು. “ಹಲೋ... ಹಾಂ, ಅಥಣ್ಯಾಗ ಅದೀನಿ... ಸಿಂಫನಿ, ಸಿಂಫನಿ ನಡದೈತಿ, ಜೋರ ಮಾತಾಡು!” ಜ್ಞಾನದೇವ ನುಂಗಿಕೊಂಡ. ಮುಂದೆ ತಡವಾಗಿ ಬಂದ ಕಾಗವಾಡದ ಮಾಜಿ ಅಧ್ಯಕ್ಷರೊಬ್ಬರು ವೇದಿಕೆ ಏರಿದರು. ಬಂದವರಿಗೆ ಬಂದ ಗಳಿಗೆಯಲ್ಲೇ ಸತ್ಕಾರವಾಗಬೇಕು, ಇಲ್ಲದಿದ್ದರೆ ಅವರು ಬಂದದ್ದು ಯಾರಿಗೂ ತಿಳಿಯುವುದಿಲ್ಲ. ಪಿಟೀಲುಗಳು ಉಸಿರು ಬಿಗಿಹಿಡಿದು ಮೆಲ್ಲಗೆ ನುಡಿಯುತ್ತಿದ್ದಾಗಲೇ ತುತ್ತೂರಿಯವರ ತಲೆಯ ಮೇಲಿಂದ ಕೇಸರಿ ಫೇಟಾ ಹಾಯಿತು, ಶಾಲು ಹಾಯಿತು, ತೆಂಗಿನಕಾಯಿ ಹಾಯಿತು, ಚಪ್ಪಾಳೆ ಬಿತ್ತು. ಅದನ್ನೂ ನುಂಗಿದ. ಒಬ್ಬ ಬ್ಯಾಂಕ್ ಅಧ್ಯಕ್ಷ ಡೋಲಿನವನ ಬೆನ್ನು ತಟ್ಟಿ ನೀರಿನ ಬಾಟಲಿ ಆಚೆ ದಾಟಿಸಲು ಹೇಳಿದ. ಡೋಲಿನವ ದಾಟಿಸಿದ, ತನ್ನ ಪೆಟ್ಟು ಬಿಟ್ಟ. ಜ್ಞಾನದೇವನ ಕಿವಿ ಕೆಂಪಾಯಿತು. ಬಾಯಿ ಮುಚ್ಚಿಯೇ ಇತ್ತು. ಅವನ ಎದುರಿಗೆ, ವಾದ್ಯಗಳ ಆಚೆ, ಚಿಕ್ಕೋಡಿಯ ಕುರ್ಚಿ ಸೋಫಾದ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತು ಫೋನಿನಲ್ಲಿ ಮಾತಾಡುತ್ತಿತ್ತು.

ಆಗ ಎಲ್ಲ ವಾದ್ಯಗಳೂ ಸುಮ್ಮನಾದವು. ಕ್ಲಾರ್ನೆಟ್ ಏರತೊಡಗಿತು, ತುದಿಯನ್ನು ಮುಟ್ಟಿತು, ಚೀರಿತು.

ದೊಡ್ಡ ಚೀರಲ್ಲ. ಪೆಂಡಾಲಿನಲ್ಲಿ ಅದನ್ನು ಗುರುತಿಸಬಲ್ಲ ಕಿವಿ ಒಂದೇ ಇತ್ತು. ಆ ಕಿವಿಯ ಕೆಳಗಿನ ಬಾಯಿ ಸಂಜೆಯೆಲ್ಲ ನುಂಗಿದ್ದು ಒಟ್ಟಿಗೆ ಹೊರಬಂತು.

“ಏ ಫಕ್ರ್ಯಾ! ಊದೂದಂದ್ರ ಒಲಿ ಊದೂದಂತ ತಿಳದೀ ಏನಲೇ? ಕುಡಚಿ ಸ್ಟೇಶನ್ದಾಗ ಗೂಡ್ಸ್ ಗಾಡಿ ಬ್ರೇಕ್ ಹಾಕಿದ್ರ ಇದಕ್ಕಿಂತ ಸುರದಾಗಿರತೈತಿ! ನಿಮ್ಮಪ್ಪ ಊದಿದ್ರ ವರನ ಕುದರಿ ಹೆಜ್ಜಿ ಹಾಕತಿತ್ತು. ನೀ ಊದಿದ್ರ ಕುದರಿ ವರನ್ನ ಕೆಡವಿ ಹೊಳಿಗೆ ಓಡತೈತಿ! ಐವತ್ತ ವರ್ಷ ಆ ಕೊಳವಿ ಬಾಯಾಗ ಇಟಗೊಂಡೀ, ಆ ಬಾಯಾಗ ನಿಂದಂತ ಏನೈತಿ? ಹಲ್ಲರೆ ನಿನ್ನವದಾವೇನು? ಅವೂ ಬಜಾರದಾಗ ಕೊಂಡವು! ಹಲ್ಲೂ ಖೊಟ್ಟಿ, ಸ್ವರಾನೂ ಖೊಟ್ಟಿ! ತಗದ ಕಿಸೇದಾಗ ಇಟಗೋ, ಮದಿವ್ಯಾಗ ಉಂಡಿ ತಿನ್ನಾಕ ಬೇಕಾಗತಾವ!”

ಕೊರಳಪಟ್ಟಿಯ ಮೈಕು ಒಂದಕ್ಷರವನ್ನೂ ಬಿಡದೆ ಪೆಂಡಾಲಿನ ಮೂಲೆಮೂಲೆಗೆ ಮುಟ್ಟಿಸಿತು. ಒಂದು ಗಳಿಗೆ ಎಲ್ಲೆಡೆ ಮೌನ. ಜ್ಞಾನದೇವನಿಗೆ ತಾನು ಏನು ಮಾಡಿದೆ ಎನ್ನುವುದು ತಿಳಿಯಿತು. ಫಕ್ರುದ್ದೀನನಿಗೆ ಮಾಡಿದ್ದಲ್ಲ, ಕುರ್ಚಿಗೆ ಮಾಡಿದ್ದು. ಆ ಮೌನದಲ್ಲಿ ಸೋಫಾದ ಕಡೆಯಿಂದ ಒಂದು ಗೊರಕೆಯಂಥ ಸದ್ದು ಬಂತು. ಶ್ರೀಪಾಲಣ್ಣ ನಗುತ್ತಿದ್ದ. ಹೊಟ್ಟೆ ಹಿಡಿದುಕೊಂಡು, ಪಕ್ಕದವರ ತೊಡೆ ಬಡಿಯುತ್ತ ನಗುತ್ತಿದ್ದ. ಅವನು ನಕ್ಕ ಮೇಲೆ ಸೋಫಾಗಳೆಲ್ಲ ನಕ್ಕವು, ಸೋಫಾ ನಕ್ಕ ಮೇಲೆ ಪೆಂಡಾಲು ನಕ್ಕಿತು. ಶಿಳ್ಳೆ ಬಿತ್ತು. “ಮತ್ತೊಮ್ಮಿ, ಮಾಸ್ತರ!” ಎಂದು ಯಾರೋ ಕೂಗಿದರು. ಫಕ್ರುದ್ದೀನ ಕೆಂಪು ಕೋಟಿನಲ್ಲಿ ಕ್ಲಾರ್ನೆಟ್ ಹಿಡಿದು ನಿಂತೇ ಇದ್ದ. ಅವನೂ ನಕ್ಕ. ತುಟಿ ಮುಚ್ಚಿಕೊಂಡು ನಕ್ಕ.

“ಮಾಸ್ತರ, ನೀವ ಬೈದ್ರಲ್ಲ, ಖರೆ ಸಿಂಫನಿ ಅದ ನೋಡ್ರಿ,” ಎಂದ ಶ್ರೀಪಾಲಣ್ಣ, ಕಣ್ಣೊರೆಸಿಕೊಂಡು ಜ್ಞಾನದೇವನಿಗೆ ಫೇಟಾ ಸುತ್ತುತ್ತ. “ಮುಂದಿನದು, ಹಿಂದಿನದು ನನಗೇನ ತಿಳೀಲಿಲ್ಲ. ಇದು ತಿಳೀತು.”

ಮರುದಿನ ಬೆಳಗಾಗುವ ಹೊತ್ತಿಗೆ ಆ ಬೈಗುಳ ರಾಯಬಾಗದ ಚಹಾದಂಗಡಿಗಳಲ್ಲಿ, ನಿಪ್ಪಾಣಿಯ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರ ಫೋನುಗಳಿಂದ ಕೇಳಿಬರುತ್ತಿತ್ತು. ತಾರವ್ವನೂ ಡೇರಿಯಲ್ಲಿ ನೋಡಿ ಬಂದಳು.

“ಚೇರಮನ್ ಫೋನಿನ್ಯಾಗ ಒದರಾಕತ್ತಿದ್ನಲ್ಲ, ಆವಾಗ ನಿನ್ನ ಕಿವಿ ಎಲ್ಲಿ ಹೋಗಿತ್ತೋ?”

“ಅದು ಸ್ವರ ಅಲ್ಲ, ತಾರಾ. ಫಕ್ರ್ಯಾಂದು ತಪ್ಪ ಸ್ವರ.”

“ಹೌದಪ್ಪಾ. ಬಡವರ ಬಾಯಾಗಿಂದ ಬರೂದಷ್ಟ ನಿಂಗ ಸ್ವರ ಅನಸತೈತಿ.”

ಸಂಜೆ ಅವನು ಫಕ್ರುದ್ದೀನನ ಮನೆಗೆ ಹೋದ. ಕ್ಷಮೆ ಕೇಳಲು ಹೋಗಿದ್ದ ಎನ್ನಲಾಗದು. ಸ್ವರ ತಪ್ಪಿತ್ತೆಂದು ಅವನ ಬಾಯಿಂದಲೇ ಕೇಳಿಸಿಕೊಳ್ಳಲು ಹೋಗಿದ್ದ. ಬಾಗಿಲು ತೆರೆದ ಅವನ ಹೆಂಡತಿ ಮಮತಾಜ ಇವನನ್ನು ನೋಡಿ, ಒಳಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಕುಕ್ಕತೊಡಗಿದಳು. ಫಕ್ರುದ್ದೀನ ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದ. ಹಲ್ಲು ಬಾಯಲ್ಲಿರಲಿಲ್ಲ. ಇನ್ನು ಮುಚ್ಚಿಡುವುದೇನಿದೆ.

“ಸ್ವರ ತಪ್ಪಿತ್ತಲೇ,” ಎಂದ ಜ್ಞಾನದೇವ.

“ತಪ್ಪಿತ್ತು. ಯಾರ ಇಲ್ಲಂದಾರ? ಕುಂದ್ರು.” ಫಕ್ರುದ್ದೀನ ಜಾಗ ಬಿಟ್ಟ. “ಮೊಮ್ಮಗಳು ಸಾಲ್ಯಾಗಿಂದ ಅಳಕೋತ ಬಂದಾಳ. ‘ಖೊಟ್ಟಿ ಹಲ್ಲ’ ಅಂತ ಕಾಡಾಕತ್ತಾರಂತ ಪೋರಗೋಳು. ಅದಿರ್ಲಿ. ಮುಂಜಾನಿಂದ ಫೋನ ಬರಾಕತ್ತಾವ. ಮುಗಳಖೋಡದಾಗೊಂದ ಮದಿವಿ, ಪಾಲಬಾವಿಯಾಗೊಂದ ಸಾಲಿ ಫಂಕ್ಷನ್ನು. ಎಲ್ಲಾರೂ ಒಂದ ಕೇಳತಾರ, ಬೈಯೂ ಮಾಸ್ತರನ್ನ ಕರಕೊಂಡ ಬರ್ತೀರೇನ್ರಿ ಅಂತ.”

“ನಾ ಏನ ಸೋಂಗ ಹಾಕಾವೇನಲೇ? ತಪ್ಪಿದ್ರ ಬೈತೀನಿ. ತಪ್ಪ ಇಲ್ದ ನಾ ಬೈಯೂದಿಲ್ಲ.”

“ಅಷ್ಟ ಹೌದಿಲ್ಲೊ?” ಎಂದ ಫಕ್ರುದ್ದೀನ. “ತಪ್ಪ ನಾ ಮಾಡತೀನಿ ತಗೋ. ನಮ್ಮ ಬ್ಯಾಂಡಿನ ಹುಡುಗೂರು ಎರಡ ವರ್ಷ ಆತು ಕೋಟ ಮಡಿಚಿಟ್ಟು ಕಬ್ಬ ಕಡ್ಯಾಕ ಹೋಗಾಕತ್ತಾರ.”

ಹಾಗೆ ಶುರುವಾಯಿತು. ಮುಗಳಖೋಡ, ಪಾಲಬಾವಿ, ರಾಯಬಾಗ, ನಿಪ್ಪಾಣಿ. ಎಲ್ಲಿ ಹೋದರೂ ಕ್ಲಾರ್ನೆಟ್ ಏರುತ್ತಿತ್ತು, ತುದಿಯಲ್ಲಿ ಚೀರುತ್ತಿತ್ತು, ಜ್ಞಾನದೇವ ಕೋಲು ನಿಲ್ಲಿಸಿ ಬಾಯಿ ತೆರೆಯುತ್ತಿದ್ದ. ಮೊದಮೊದಲು ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ, ಚೀರಿದ್ದು ಹಲ್ಲೋ ಫಕ್ರುದ್ದೀನನೋ ಎಂದು. ಆಮೇಲೆ ಕೇಳುವುದನ್ನು ಬಿಟ್ಟ. ಸ್ವರವಂತೂ ತಪ್ಪಾಗಿರುತ್ತಿತ್ತು, ತಪ್ಪು ಸ್ವರಕ್ಕೆ ಬೈಯುವುದು ಅನ್ಯಾಯವಲ್ಲ. ಈ ಲೆಕ್ಕಾಚಾರದಲ್ಲಿ ಎಲ್ಲೋ ಒಂದು ತೂತಿದೆ ಎಂದು ಅವನಿಗೆ ಗೊತ್ತಿತ್ತು, ಆದರೆ ಅದಕ್ಕೆ ಬೆರಳು ಮುಚ್ಚಿ ನುಡಿಸುವುದು ಅವನಿಗೆ ಅಭ್ಯಾಸವಾಯಿತು. ಬೈಗುಳಗಳು ಹೊಸದಾಗಿರಬೇಕೆಂದು ರೂಪೇಶ ಊರೂರಿನ ಸುದ್ದಿ ತಂದು ಕೊಡುತ್ತಿದ್ದ. ನಿಪ್ಪಾಣಿಯಲ್ಲಿ ತಂಬಾಕಿನ ಬೈಗುಳ, ಪಾಲಬಾವಿಯಲ್ಲಿ ಕುರಿಗಳದು. ಕೃತಿಯ ಉಳಿದ ಭಾಗ ದಿನದಿಂದ ದಿನಕ್ಕೆ ಸಣ್ಣದಾಗುತ್ತ ಬಂತು. ಜನ ಕಾಯುವುದಾದರೂ ಎಷ್ಟು ಹೊತ್ತು.

ಕಾಗವಾಡದ ಸಭೆಯಲ್ಲಿ ಶ್ರೀಪಾಲಣ್ಣ ಫಕ್ರುದ್ದೀನನಿಗೂ ಸತ್ಕಾರ ಮಾಡಿದ. ಶಾಲು, ತೆಂಗಿನಕಾಯಿ, ಜೊತೆಗೆ ಮಿರಜಿನ ಡಾಕ್ಟರರ ಕಡೆಯಿಂದ ಹೊಸ ಹಲ್ಲಿನ ಸೆಟ್, ತಟ್ಟೆಯಲ್ಲಿ, ಹೂವಿನ ನಡುವೆ. “ಹಲ್ಲಿಗೆ ಸತ್ಕಾರ ಮಾಡಿದ ಮೊದಲ ಚೇರಮನ್ ನಾನ!” ಎಂದು ಅವನು ಮೈಕಿನಲ್ಲಿ ಹೇಳಿದಾಗ ಜನ ಕುರ್ಚಿಯಿಂದ ಜಾರುವಷ್ಟು ನಕ್ಕರು. ಅಳತೆಗೆ ಫಕ್ರುದ್ದೀನನನ್ನು ಹಿಂದಿನ ವಾರವೇ ಮಿರಜಿಗೆ ಕಾರಿನಲ್ಲಿ ಕರೆದೊಯ್ದಿದ್ದರು. ಬರೀ ಬಾಯಿಯ ತಪಾಸಣೆ ಎಂದು ಅವನಿಗೆ ಹೇಳಿದ್ದರಂತೆ.

ಮುಂದಿನ ಕಾರ್ಯಕ್ರಮ ಚಿಕ್ಕೋಡಿಯದು, ಸಂಗೀತ ಮಹಾವಿದ್ಯಾಲಯದ ಉದ್ಘಾಟನೆ. ಬೆಂಗಳೂರಿನಿಂದ ಮಂತ್ರಿಗಳು ಬರುವವರಿದ್ದರು. ವಾದ್ಯವೃಂದ ಮುಗಿದ ಕೂಡಲೇ ನಿರ್ದೇಶಕರ ಹೆಸರನ್ನು ಅಣ್ಣಾರೇ ವೇದಿಕೆಯಿಂದ ಘೋಷಿಸುತ್ತಾರೆಂದು ರೂಪೇಶ ಹೇಳಿದ್ದ. ಅಲ್ಲಿಯವರೆಗೂ ಅದು ಬರೀ ಬಾಯಿಮಾತಿನಲ್ಲೇ ಇತ್ತು.

ವೇದಿಕೆಗೆ ಹತ್ತುವ ಮೆಟ್ಟಿಲಿನ ಬಳಿ ಫಕ್ರುದ್ದೀನ ಕ್ಲಾರ್ನೆಟ್ ಒರೆಸುತ್ತ ನಿಂತಿದ್ದ. ಹೊಸ ಹಲ್ಲು ಅವನ ಮುಖವನ್ನು ಹತ್ತು ವರ್ಷ ಚಿಕ್ಕದಾಗಿಸಿತ್ತು.

“ಲೇ ಜ್ಞಾನ್ಯಾ. ಈ ಸೆಟ್ ಜಾರೂದಿಲ್ಲ. ಮನ್ಯಾಗ ಊದಿ ನೋಡೀನಿ. ಸ್ವರ ಸುಮ್ನ ಹೋಗಿ ಕುಂದ್ರತೈತಿ.”

ಜ್ಞಾನದೇವ ಕೊರಳಪಟ್ಟಿಯ ಮೈಕನ್ನು ಸರಿಪಡಿಸಿಕೊಂಡ.

“ಇವತ್ತ ನಿನ್ನ ಸಾಲಿ ಸುರು ಆಗತೈತಿ. ಖೊಟ್ಟಿ ಸ್ವರದಲೇ ಸುರು ಮಾಡಬಾರ್ದು. ಇದೊಂದಿನ ಸರಿ ಊದತೀನಿ. ನಾಳಿಂದ ಐತೆಲ್ಲ, ಎಷ್ಟ ಬೇಕಷ್ಟ ತಪ್ಪ ಮಾಡತೀನಿ. ಆತಿಲ್ಲೊ?”

ಅಷ್ಟರಲ್ಲಿ ಮಂತ್ರಿಗಳು ಬಂದರೆಂದು ಪಟಾಕಿ ಹಾರಿತು.

ಕೋಲು ಎದ್ದಿತು. ಅಂದು ವೃಂದ ಎಂದಿಗಿಂತ ಚೆನ್ನಾಗಿ ನುಡಿಸಿತು. ಒಂದೇ ಕೃತಿಯನ್ನು ಇಷ್ಟು ಊರುಗಳಲ್ಲಿ ನುಡಿಸಿದರೆ ಮದುವೆಯ ಬ್ಯಾಂಡಿಗೂ ಅದು ಒಗ್ಗುತ್ತದೆ. ಎಲ್ಲ ವಾದ್ಯಗಳೂ ಸುಮ್ಮನಾದವು. ಜನ ಮುಂದಕ್ಕೆ ಬಾಗಿದರು, ಫೋನುಗಳು ಮೇಲೆದ್ದವು. ಕ್ಲಾರ್ನೆಟ್ ಏರತೊಡಗಿತು. ಸೋಫಾದಲ್ಲಿ ಶ್ರೀಪಾಲಣ್ಣ ಮಂತ್ರಿಗಳ ಕಿವಿಯ ಹತ್ತಿರ ವಾಲಿ, “ಈಗ ನೋಡ್ರಿ ಸಾಹೇಬ್ರ, ಈಗ” ಎಂದದ್ದು ಜ್ಞಾನದೇವನಿಗೆ ಕೇಳಿಸಿತು.

ಸ್ವರ ತುದಿಗೆ ಹೋಗಿ ಕುಳಿತಿತು.

ಚೀರಲಿಲ್ಲ, ನಡುಗಲಿಲ್ಲ. ಹೊಳೆಯ ಮಧ್ಯೆ ಬಂಡೆಯ ಮೇಲೆ ಬೆಳ್ಳಕ್ಕಿ ಬಂದು ಕೂತಂತೆ ಕೂತು, ಅಲ್ಲೇ ಉಳಿಯಿತು. ಜರ್ಮನಿಯಲ್ಲಿ ಒಂದು ಸಲ ಮಾತ್ರ ಅವನು ಆ ಸ್ವರವನ್ನು ಹಾಗೆ ಕೇಳಿದ್ದ. ಮುಂಬಯಿಯಲ್ಲಿ ಅಷ್ಟು ವರ್ಷ ಅಷ್ಟು ಜನರನ್ನು ಅಳಿಸಿದರೂ ಹೊರಡದೆ ಹೋದದ್ದು ಕುಡಚಿಯ ಬ್ಯಾಂಡಿನವನ ಹೊಸ ಹಲ್ಲಿನ ಸಂದಿಯಿಂದ ಹೊರಟು ಚಿಕ್ಕೋಡಿಯ ಬಿಸಿಲಿನಲ್ಲಿ ನಿಂತಿತ್ತು. ಫಕ್ರುದ್ದೀನ ಕ್ಲಾರ್ನೆಟ್ಟಿನ ಮೇಲಿಂದ ಅವನನ್ನು ನೋಡಿದ. ‘ಬಂತು ನೋಡಲೇ’ ಎನ್ನುವ ನೋಟ. ಹೊಳೆಯ ಆಚೆ ದಡ ಮುಟ್ಟಿದ ಹುಡುಗ ಈಚೆ ದಡದವನನ್ನು ನೋಡುತ್ತಾನಲ್ಲ, ಹಾಗೆ.

ಜನ ಕಾಯುತ್ತಿದ್ದರು. ನಗು ಆಗಲೇ ಗಂಟಲಿಗೆ ಬಂದು ನಿಂತಿತ್ತು. ಮಂತ್ರಿಗಳು ಅರ್ಧ ನಕ್ಕ ಮುಖವನ್ನು ಹಾಗೇ ಹಿಡಿದು ಕೂತಿದ್ದರು. ಶ್ರೀಪಾಲಣ್ಣ ಜ್ಞಾನದೇವನ ಕಡೆಗೆ ಗದ್ದ ಎತ್ತಿದ. ಅದು ಬಹಳ ಸಣ್ಣ ಸನ್ನೆ, ಗಾಡಿಯ ಡ್ರೈವರನಿಗೆ ಮಾಡುವಂಥದ್ದು.

ಜ್ಞಾನದೇವ ಕೋಲು ಕೆಳಗಿಟ್ಟ.

“ಏ ಫಕ್ರ್ಯಾ,” ಎಂದ. ಪೆಂಡಾಲು ಸಿಡಿಯಿತು. ಉಳಿದದ್ದು ತಾನಾಗಿ ಬಂತು. ಹಳೆಯ ಹಲ್ಲಿನ ಬೈಗುಳ, ಹೊಸ ಹಲ್ಲಿನ ಬೈಗುಳ, ತಟ್ಟೆಯಲ್ಲಿ ಬಂದ ಹಲ್ಲಿಗೆ ತಟ್ಟೆ ಬಡಿಯುವುದೊಂದೇ ಬರುತ್ತದೆ ಎನ್ನುವ ಬೈಗುಳ. ಅವನ ಬಾಯಿ ಆಡುತ್ತಿತ್ತು, ಕಿವಿಯಲ್ಲಿ ಮಾತ್ರ ಆ ಸ್ವರ ಇನ್ನೂ ಕೂತಿತ್ತು, ಏಳಲೊಲ್ಲದು. “ಸ್ವರ ಅಂತಾರೇನಲೇ ಇದಕ್ಕ? ತಪ್ಪು! ಪೂರಾ ತಪ್ಪು!” ಎಂದು ಅವನು ಅದಕ್ಕಿಂತ ಗಟ್ಟಿಯಾಗಿ ಒದರಿದ.

ಫಕ್ರುದ್ದೀನನ ಮುಖದಲ್ಲಿದ್ದ ಹುಡುಗ ಹೊರಟುಹೋದ. ಅವನು ಕ್ಲಾರ್ನೆಟ್ ಕೆಳಗಿಳಿಸಿ, ಎಲ್ಲ ಊರುಗಳಲ್ಲಿ ಮಾಡುವಂತೆ ತಲೆ ತಗ್ಗಿಸಿದ. ಅಂದು ಮೊದಲ ಸಲ ಬಾಯಿ ತೆರೆದು ಉತ್ತರವನ್ನೂ ಕೊಟ್ಟ.

“ಹೌದ್ರಿ ಮಾಸ್ತರ. ತಪ್ಪಾತ್ರಿ. ಇನ್ನೊಮ್ಮಿ ಹಂಗ ಊದೂದಿಲ್ರಿ.”

ಮಂತ್ರಿಗಳು ಚಪ್ಪಾಳೆ ತಟ್ಟಿದರು. ಘೋಷಣೆಯಾಯಿತು, ಫೇಟಾ ಬಂತು, ಶಾಲು ಬಂತು, ಫೋಟೋದವನು ಎಲ್ಲರನ್ನೂ ಒತ್ತಾಗಿ ನಿಲ್ಲಿಸಿದ. ಫೋಟೋ ತೆಗೆಯುವಾಗ ಶ್ರೀಪಾಲಣ್ಣ ಹೊಸ ನಿರ್ದೇಶಕರ ಹೆಗಲ ಮೇಲೆ ಕೈ ಹಾಕಿ, ಕ್ಯಾಮೆರಾ ನೋಡುತ್ತಲೇ ಕೇಳಿದ.

“ಇವತ್ತ ಬೈಯೂದು ಒಂದ ಸ್ವಲ್ಪ ಕಮ್ಮಿ ಆತಲ್ರಿ, ಮಾಸ್ತರ. ಆರಾಮ ಇಲ್ಲೇನು?”

“ಮುಂದಿನ ಸಲ ನೋಡಕೋತೀನ್ರಿ, ಅಣ್ಣಾ,” ಎಂದ ಜ್ಞಾನದೇವ.